ಸಹಾಯ ಬೇಕು: ಪೆನ್ಸಿಲಿನ ಮೇಲೆ ಕಾಗದದ ಕಿರೀಟ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದ ಕಡೆಯವಳು. ಹಳೆಯ ಕಾಗದವನ್ನು ರಾತ್ರಿಯಿಡೀ ನೆನೆಸಿ, ಮಿಕ್ಸಿಯಲ್ಲಿ ಅರೆದು, ಆ ತಿರುಳನ್ನು ಸಿಲಿಕೋನ್ ಅಚ್ಚಿಗೆ ಒತ್ತಿ, ಸ್ಪಂಜಿನಿಂದ ನೀರು ತೆಗೆದು ಒಣಗಿಸುತ್ತೇನೆ. ಹೀಗೆ ಬಂದ ಉಬ್ಬುಚಿತ್ರವನ್ನು ಪೆನ್ನು, ಪೆನ್ಸಿಲುಗಳಿಗೆ ಅಂಟಿಸಿ ಬಣ್ಣ ಹಚ್ಚುತ್ತೇನೆ. ಹೆಚ್ಚು ಕೇಳುವುದು ಯಕ್ಷಗಾನದ ಕಿರೀಟವನ್ನೇ. ಯಕ್ಷಗಾನದ ಹಳೆಯ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಪಕ್ಕದಲ್ಲಿರುವಾಗ ಮತ್ತೇನು ಕೇಳಿಯಾರು!

ಚಪ್ಪಟೆಯಾಗಿ ಒಣಗಿದ ಕಿರೀಟ 7 ಮಿಲಿಮೀಟರ್ ದಪ್ಪದ ಉರುಟು ಪೆನ್ಸಿಲಿಗೆ ಕೂರುವುದಿಲ್ಲ. ಬಗ್ಗಿಸಿದರೆ ನಟ್ಟನಡುವೆ ಬಿರುಕು. ಅರೆಹಸಿ ಇರುವಾಗಲೇ ಸುತ್ತಿ ದಾರ ಕಟ್ಟಿದೆ. ಬಗ್ಗಿತು, ಆದರೆ ಅಂಚಿನ ಮಣಿಸಾಲು ದಾರದಡಿಯಲ್ಲಿ ಅಪ್ಪಚ್ಚಿಯಾಯಿತು. ಯಾವ ಹದದಲ್ಲಿ ಅಚ್ಚಿನಿಂದ ಬಿಡಿಸಬೇಕು? ದಾರದ ಬದಲು ಏನು ಕಟ್ಟುತ್ತೀರಿ?

ಇನ್ನು ಈ ಮಳೆ. ಮೈದಾ ಅಂಟಿನಲ್ಲಿ ಅಂಟಿಸಿದ್ದೆಲ್ಲ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬೂಷ್ಟು ಹಿಡಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಒಣಗುವುದೇನೋ ಹೌದು, ಬಿಳಿ ಕಿರೀಟ ಹೊಗೆ ಹಿಡಿದು ಹಪ್ಪಳದ ಬಣ್ಣಕ್ಕೆ ತಿರುಗುತ್ತದೆ. ಅಂಟಿಗೆ ಚಿಟಿಕೆ ಮೈಲುತುತ್ತು ಬೆರೆಸು ಎಂದರು ಅಪ್ಪ. ತೋಟಕ್ಕೆ ತಂದದ್ದು ಮನೆಯಲ್ಲೇ ಇದೆ, ಆದರೆ ಅದು ವಿಷ. ಪೆನ್ಸಿಲು ಕಚ್ಚದ ಮಕ್ಕಳುಂಟೇ? ಮಕ್ಕಳ ಕೈಗೆ ಕೊಡಬಹುದಾದ, ಬೂಷ್ಟು ಹಿಡಿಯದ ಅಂಟು ಯಾವುದು? ಬಣ್ಣಕ್ಕೆ ಮೊದಲು ಏನಾದರೂ ಬಳಿಯಬೇಕೇ?

ಸೋಣ ತಿಂಗಳ (ಆಗಸ್ಟ್-ಸೆಪ್ಟೆಂಬರ್) ಒಂದು ಗೃಹಪ್ರವೇಶಕ್ಕೆ 60 ಪೆನ್ನು ಒಪ್ಪಿಕೊಂಡಿದ್ದೇನೆ. ಕರಾವಳಿಯ ಮಳೆಯಲ್ಲಿ ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.