ಸಹಾಯ ಬೇಕು: ಸಿಜೆಡಿ ಶಂಕೆಯ ಬಯಾಪ್ಸಿ ಸೆಟ್‌ಗೆ ಆಟೋಕ್ಲೇವ್

ಎಲ್ಲರಿಗೂ ನಮಸ್ಕಾರ. ಮಿದುಳಿನ ಬಯಾಪ್ಸಿ ಆದ ಮೇಲೆ ರೋಗಿಗೆ ಸಿಜೆಡಿ (ಕ್ರಾಯ್ಟ್ಸ್‌ಫೆಲ್ಟ್-ಜೇಕಬ್, ಮಿದುಳನ್ನು ಹಾಳುಮಾಡುವ ರೋಗ) ಇರಬಹುದು ಎಂಬ ಅನುಮಾನ ಬಂದಿದೆ. ಮಂಡ್ಯದಲ್ಲಿ ನಮ್ಮ ಆಟೋಕ್ಲೇವ್‌ನ (ಒತ್ತಡದ ಹಬೆಯಿಂದ ಉಪಕರಣ ಶುದ್ಧಿ ಮಾಡುವ ಯಂತ್ರ) 134 ಡಿಗ್ರಿ ಸೈಕಲ್ ಕೆಲವೇ ನಿಮಿಷಕ್ಕೆ ಮುಗಿಯುತ್ತದೆ, ಸಮಯ ಬದಲಿಸಲು ಬರುವುದಿಲ್ಲ. ಮೈಸೂರು ಅಥವಾ ಮಂಡ್ಯದಲ್ಲಿ 134 ಡಿಗ್ರಿಯನ್ನು ಪೂರ್ತಿ 1 ಗಂಟೆ ಹಿಡಿಯುವ ಪ್ರೀ-ವ್ಯಾಕ್ಯೂಮ್ (ಹಬೆ ಬಿಡುವ ಮೊದಲು ಒಳಗಿನ ಗಾಳಿ ತೆಗೆಯುವ) ಯಂತ್ರ ಯಾರ ಸಿಎಸ್‌ಎಸ್‌ಡಿಯಲ್ಲಿದೆ (ಆಸ್ಪತ್ರೆಯ ಉಪಕರಣ ಶುದ್ಧೀಕರಣ ವಿಭಾಗ)? ದಯವಿಟ್ಟು ತಿಳಿಸಿ.

ಸ್ಟೀಲ್ ಉಪಕರಣಗಳನ್ನು ಒಣಗಲು ಬಿಟ್ಟಿಲ್ಲ, ನೀರಲ್ಲೇ ಇಟ್ಟಿದ್ದೇವೆ. ಒಣಗಿದರೆ ಪ್ರಿಯಾನ್ (ಈ ರೋಗ ತರುವ ಪ್ರೋಟೀನ್) ಲೋಹಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಆಮೇಲೆ ಏನು ಮಾಡಿದರೂ ಕಷ್ಟ. ಮೊದಲು 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ (ಲೀಟರಿಗೆ 40 ಗ್ರಾಂ) 1 ಗಂಟೆ ಮುಳುಗಿಸಿ, ತೊಳೆದು, ತೆರೆದ ಟ್ರೇಯಲ್ಲಿ ಕಳಿಸುತ್ತೇವೆ. ಅಲ್ಯೂಮಿನಿಯಂ ಟ್ರೇ ಬೇಡ, ಕ್ಷಾರ ತಿಂದುಹಾಕುತ್ತದೆ. ದ್ರಾವಣ ಮಾಡುವಾಗ ನೀರಿಗೇ ಪುಡಿ ಹಾಕಿ, ಅದು ತುಂಬಾ ಬಿಸಿಯಾಗುತ್ತದೆ. ಕನ್ನಡಕ, ದಪ್ಪ ಗ್ಲೌಸ್ ಕಡ್ಡಾಯ.

ಫಾರ್ಮಾಲಿನ್, ಸ್ಪಿರಿಟ್, ಇಟಿಒ (ಎಥಿಲೀನ್ ಆಕ್ಸೈಡ್ ಅನಿಲ) ಸಾಕಲ್ಲವೇ ಎಂದು ಕೇಳುವವರಿಗೆ: ಇಲ್ಲಿ ಬ್ಯಾಕ್ಟೀರಿಯಾ, ವೈರಸ್ ಇಲ್ಲ, ಡಿಎನ್‌ಎ ಕೂಡ ಇಲ್ಲ. ತಪ್ಪಾಗಿ ಮಡಿಚಿಕೊಂಡ ಪ್ರೋಟೀನ್ ಮಾತ್ರ ಇದೆ, ಸರಿಯಿರುವ ಪ್ರೋಟೀನನ್ನೂ ಅದು ತನ್ನಂತೆಯೇ ಮಡಿಚುತ್ತದೆ. ಫಾರ್ಮಾಲಿನ್ ಅದನ್ನು ಇನ್ನೂ ಗಟ್ಟಿ ಮಾಡುತ್ತದೆ. ಹೈಪೋಕ್ಲೋರೈಟ್ 20,000 ಪಿಪಿಎಂ, 1 ಗಂಟೆ ಕೆಲಸ ಮಾಡುತ್ತದೆ, ಆದರೆ ಸ್ಟೀಲ್ ತುಕ್ಕು ಹಿಡಿಯುತ್ತದೆ.

ಡ್ರಿಲ್ ಬಿಟ್, ಸೂಜಿಗಳನ್ನು ಉಳಿಸುವ ಯೋಚನೆಯಿಲ್ಲ, ಸುಡಲು ಕಳಿಸುತ್ತೇವೆ. ಅಂಥ ತ್ಯಾಜ್ಯವನ್ನು ಬೇರೆಯಾಗಿ ಸುಟ್ಟುಕೊಡುವ ವ್ಯವಸ್ಥೆ ಯಾರಿಗಾದರೂ ಗೊತ್ತಿದ್ದರೆ ಅದನ್ನೂ ಹೇಳಿ. ಉಳಿದ ಸೆಟ್ ಆಟೋಕ್ಲೇವ್ ಆಗುವವರೆಗೆ ಬೇರೆ ಯಾರಿಗೂ ಬಳಕೆಯಾಗುವುದಿಲ್ಲ.