ದಿವಾನಿ ಪಡೆದ ಕಂಪನಿ ಸಾಲಕ್ಕೆ ಕೈಯೊಡ್ಡಿದ್ದೇಕೆ?

ಲೆಕ್ಕಿಗ: 1765ರಲ್ಲಿ ಮೊಘಲ್ ಬಾದಶಹ ಷಾ ಆಲಂನಿಂದ ಬಂಗಾಳ, ಬಿಹಾರ, ಒಡಿಶಾಗಳ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಪಡೆದ ಈಸ್ಟ್ ಇಂಡಿಯಾ ಕಂಪನಿ, ಏಳೇ ವರ್ಷಗಳಲ್ಲಿ ಬ್ರಿಟಿಷ್ ಸರ್ಕಾರದ ಮುಂದೆ ಕೈಯೊಡ್ಡಿ ನಿಂತಿತು. 1773ರಲ್ಲಿ ಪಡೆದ ಸಾಲ 14 ಲಕ್ಷ ಪೌಂಡ್. ಕಾರಣ ಒಂದೇ: ರೈತನ ಕಂದಾಯವನ್ನು ಅಂಗಡಿಯ ಬಂಡವಾಳವೆಂದು ಬಗೆದು, ಅದರಲ್ಲೇ ಬಟ್ಟೆ ಕೊಂಡು ಲಂಡನ್ನಿಗೆ ಸಾಗಿಸಿತು.

ತುಂಗಾತೀರ: “ಕಾರಣ ಒಂದೇ” ಎಂದರೆ ಹೈದರಾಲಿಯನ್ನು ಎಲ್ಲಿಡುತ್ತೀರಿ? ಅವನ ದಾಳಿಯ ಸುದ್ದಿ ತಲುಪಿದ್ದೇ ತಡ, 1769ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಷೇರು ಕುಸಿಯಿತು. ಕಂಪನಿಯನ್ನು ಮುಳುಗಿಸಿದ್ದು ಮೈಸೂರಿನ ಕುದುರೆಗಳು.

ಹಳೆಯ ಕಡತ: “ಮುಳುಗಿಸಿದ್ದು”? 1771ರಲ್ಲಿ ಲಾಭಾಂಶವನ್ನು ಶೇ. 12.5ಕ್ಕೆ ಏರಿಸಿದರು. ಮುಳುಗಿದವರು ಹಾಗೆ ಹಂಚುತ್ತಾರೆಯೇ?

ತುಂಗಾತೀರ: ಹಂಚಿದ್ದು ಇಲ್ಲದ ಹಣವನ್ನು! ನನ್ನ ವಾದಕ್ಕೆ ನೀವೇ ಪುರಾವೆ ಒದಗಿಸಿದಿರಿ.

ಹಳೆಯ ಕಡತ: ನಿಮ್ಮ ವಾದ ಕುದುರೆಗಳದ್ದು. ಮೇ ತಿಂಗಳಲ್ಲಿ ಷೇರು ಬೀಳುವ ಹೊತ್ತಿಗೆ ಏಪ್ರಿಲ್‌ನಲ್ಲೇ ಮದರಾಸಿನಲ್ಲಿ ಒಪ್ಪಂದವಾಗಿ, ಗೆದ್ದ ನೆಲವನ್ನು ಪರಸ್ಪರ ಹಿಂದಿರುಗಿಸಲು ಒಪ್ಪಿಯಾಗಿತ್ತು. ಕಂಪನಿ ಕಳೆದುಕೊಂಡದ್ದೇನು?

ತುಂಗಾತೀರ: ಮಾನ! ಬಾಗಿಲಿಗೆ ಬಂದ ಹೈದರನಿಗೆ ಕಷ್ಟಕಾಲದಲ್ಲಿ ನೆರವಾಗುತ್ತೇವೆಂದು ಬರೆದುಕೊಟ್ಟರು. ಮರಾಠರು ಮೈಸೂರಿನ ಮೇಲೆರಗಿದಾಗ ಒಬ್ಬ ಸಿಪಾಯಿಯನ್ನೂ ಕಳಿಸಲಿಲ್ಲ. ಇದು ನಿಮ್ಮ ಕಡತದಲ್ಲಿದೆಯೇ?

ಹಳೆಯ ಕಡತ: ಕೊಟ್ಟ ಮಾತು ತಪ್ಪಿದರು, ನಿಜ. ಅದರಿಂದ ಷೇರು ಬೀಳಲಿಲ್ಲ.

ಗಂಗಾಬಯಲು: ಷೇರು, ಷೇರು! ಅದೇ 1769–70ರ ಕ್ಷಾಮದಲ್ಲಿ ಬಂಗಾಳದ ಮೂರನೇ ಒಂದು ಪಾಲು ಜನ ಸತ್ತರೆಂದು 1772ರಲ್ಲಿ ಕಂಪನಿಯ ಬಂಗಾಳದ ಗವರ್ನರ್ ವಾರನ್ ಹೇಸ್ಟಿಂಗ್ಸ್‌ನೇ ಬರೆದ. ಆದರೂ 1771ರ ವಸೂಲಿ 1768ರದನ್ನು ಮೀರಿತ್ತು. ಸತ್ತವರ, ಊರು ಬಿಟ್ಟವರ ಬಾಕಿಯನ್ನು ಉಳಿದ ನೆರೆಯವರಿಂದ ಹಿಂಡಿದರು. ನಾಚಿಕೆಯಾಗಬೇಕು, ಕುದುರೆ ಎಣಿಸುತ್ತ ಕುಳಿತಿದ್ದೀರಿ.

ಲೆಕ್ಕಿಗ: “ಮೂರನೇ ಒಂದು ಪಾಲು” ಎಂಬುದು ಅಂದಾಜು. ಆಗ ಜನಗಣತಿ ಇರಲಿಲ್ಲ.

ಗಂಗಾಬಯಲು: ಹೌದು, ಅಂದಾಜು. ಪ್ರತಿ ರೂಪಾಯಿಗೂ ಲೆಕ್ಕವಿಟ್ಟವರು ಹೆಣಗಳಿಗೆ ಇಡಲಿಲ್ಲ. ಕಂದಾಯ ಕಂಪನಿಗೆ, ಆಡಳಿತದ ಹೊಣೆ ಬಂಗಾಳದ ನವಾಬನಿಗೆ. ಇದೇ ಅವರ ಆಳ್ವಿಕೆ.

ತುಂಗಾತೀರ: ನವಾಬನ ಮಾತು ಆಮೇಲೆ. ಮದರಾಸಿನವರ ಮಾನಕ್ಕೆ ಬೆಲೆಯೇ ಇಲ್ಲವೇ? “ಹಳೆಯ ಕಡತ” ಅವರೇ, ಅದಕ್ಕಿನ್ನೂ ನೀವು ಉತ್ತರ ಕೊಟ್ಟಿಲ್ಲ.