ಡೆನ್ಮಾರ್ಕಿನವರ ಲೆಕ್ಕ, ಚಿಕ್ಕಪ್ಪನ ಕ್ವಾಟ್ರು

ಕಳೆದ ಭಾನುವಾರ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದನ್ನ ಇಲ್ಲಿ ಹಾಕ್ತಿದ್ದೀನಿ. ಮನೆಯವರನ್ನ ಕೇಳಿಕೊಂಡೇ ಹಾಕಿರೋದು, ಹೆಸರು ಬದಲಾಯಿಸಿದ್ದೀನಿ. ಮಂಡ್ಯ ಕಡೆ ಊರು ನಮ್ಮದು. ನಾನು ಬೆಂಗಳೂರಲ್ಲಿ ಹನ್ನೊಂದು ವರ್ಷದಿಂದ ನರ್ಸ್. ಮನೇಲಿ ಎಲ್ಲರಿಗೂ ಪುಟ್ಟಿ.

ಸಂಜೆ ಆರೂವರೆಗೆ ಕುಮಾರ ಚಿಕ್ಕಪ್ಪ ಕಳಿಸಿದ ಫಾರ್ವರ್ಡ್ ಇದು:

"ಎಣ್ಣೆ ಪ್ರಿಯರಿಗೆ ಸಿಹಿ ಸುದ್ದಿ!! ವಾರಕ್ಕೆ 3–4 ದಿನ ಕುಡಿಯುವವರಿಗೆ ಸಕ್ಕರೆ ಕಾಯಿಲೆ ಬರಲ್ಲ. ಡೆನ್ಮಾರ್ಕ್ ವಿಜ್ಞಾನಿಗಳ ಸಂಶೋಧನೆ. ಗೆಳೆಯರಿಗೂ ತಿಳಿಸಿ."

ಕುಮಾರ ಚಿಕ್ಕಪ್ಪ: ನೋಡ್ರಪ್ಪ. ಇಷ್ಟು ದಿನ ಎಲ್ರೂ ನನ್ನ ಬೈತಿದ್ರಿ.

ಲೋಕಿ: ಮಾವ ಸೂಪರ್ 😂 ನಾಳೆಯಿಂದ ನಾನೂ ಔಷಧಿ ಶುರು ಮಾಡ್ತೀನಿ

ದೊಡ್ಡಪ್ಪ: ಮದ್ಯಪಾನ ಮನೆ ಮಠ ಎರಡನ್ನೂ ಹಾಳು ಮಾಡುತ್ತದೆ. ಇಂಥದ್ದನ್ನು ಹೆಣ್ಣುಮಕ್ಕಳು, ಮೊಮ್ಮಕ್ಕಳು ಇರುವ ಗುಂಪಿಗೆ ಹಾಕುವುದು ನಮ್ಮ ಮನೆತನಕ್ಕೆ ಶೋಭೆಯಲ್ಲ ಕುಮಾರ.

ಕುಮಾರ ಚಿಕ್ಕಪ್ಪ: ನಾನೇನು ಬರೆದದ್ದಾ ಅಣ್ಣಯ್ಯ? ವಿಜ್ಞಾನಿಗಳು ಹೇಳವ್ರೆ.

ಮಧು: ಚಿಕ್ಕಪ್ಪ, ಸೋರ್ಸ್ ಎಲ್ಲಿ? ಲಿಂಕ್ ಕೊಡಿ.

ಕುಮಾರ ಚಿಕ್ಕಪ್ಪ: ನಮ್ಮ ಸೊಸೈಟಿ ಗುಂಪಲ್ಲಿ ಬಂತು.

ಮಧು: ಅದು ಸೋರ್ಸ್ ಅಲ್ಲ.

ಮಧು ದೊಡ್ಡಪ್ಪನ ಮಗ, ಕಾಲೇಜಲ್ಲಿ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು. ಯಾರು ಏನೇ ಹಾಕಲಿ, ಮೊದಲು ಮೂಲ ಕೇಳೋದು ಅವನೇ. ಅದಕ್ಕೇ ಅವನನ್ನ ಕಂಡ್ರೆ ಎಲ್ಲರಿಗೂ ರೇಗುತ್ತೆ. ಆದರೆ ಹುಡುಕ್ತಾನೆ, ಅದು ದೊಡ್ಡ ಗುಣ. ಇಪ್ಪತ್ತು ನಿಮಿಷಕ್ಕೆ ಹುಡುಕಿ ಹಾಕಿದ.

ಮಧು: ಸಂಶೋಧನೆ ಇರೋದು ನಿಜ. 2017ರ ಜುಲೈನಲ್ಲಿ ಡಯಾಬೆಟಾಲಜಿಯಾ ಪತ್ರಿಕೇಲಿ ಬಂದಿದೆ. 70,551 ಜನ. 2007–08ರಲ್ಲಿ ಅವರವರ ಕುಡಿತ ಅವರವರೇ ಬರೆದುಕೊಟ್ಟಿದ್ದಾರೆ, ಆಮೇಲೆ ಸುಮಾರು 5 ವರ್ಷ ನೋಡಿದ್ದಾರೆ. ವಾರಕ್ಕೆ ಒಂದು ದಿನಕ್ಕಿಂತ ಕಡಿಮೆ ಕುಡಿಯೋರಿಗೆ ಹೋಲಿಸಿದ್ರೆ 3–4 ದಿನ ಕುಡಿಯೋ ಗಂಡಸರಲ್ಲಿ ಶುಗರ್ ಬರೋ ಸಾಧ್ಯತೆ ಶೇ 27 ಕಡಿಮೆ, ಹೆಂಗಸರಲ್ಲಿ ಶೇ 32 ಕಡಿಮೆ. "ಬರಲ್ಲ" ಅಂತ ಎಲ್ಲೂ ಇಲ್ಲ. ಕುಡಿದದ್ದರಿಂದಲೇ ಕಡಿಮೆ ಆಯ್ತು ಅಂತಲೂ ಇದರಿಂದ ಹೇಳೋಕಾಗಲ್ಲ.

ಕುಮಾರ ಚಿಕ್ಕಪ್ಪ: ಅಲ್ಲಿಗೆ ನಿಜ ಅಂತಾಯ್ತಲ್ಲ!!

ಮಧು: ಪೂರ್ತಿ ಓದಿ ಚಿಕ್ಕಪ್ಪ. ಮುಖ್ಯವಾಗಿ ಲಾಭ ಕಂಡಿರೋದು ವೈನ್ ಕುಡಿಯೋರಲ್ಲಿ. ಬ್ರಾಂದಿ, ವಿಸ್ಕಿ ಥರದ್ದರಿಂದ ಗಂಡಸರಿಗೆ ಯಾವ ಲಾಭವೂ ಕಂಡಿಲ್ಲ. ವಾರಕ್ಕೆ 7 ಡ್ರಿಂಕ್ ಮೇಲೆ ಅಂಥದ್ದು ಕುಡಿಯೋ ಹೆಂಗಸರಲ್ಲಿ ಅಪಾಯ ಶೇ 83 ಜಾಸ್ತಿ. 2015ರಲ್ಲಿ 38 ಅಧ್ಯಯನ, 19 ಲಕ್ಷ ಜನರ ಲೆಕ್ಕ ಒಟ್ಟು ಹಾಕಿ ನೋಡಿದವರಿಗೆ ಏಷ್ಯಾದ ಅಧ್ಯಯನಗಳಲ್ಲಿ ಈ ಲಾಭ ಸಿಕ್ಕೇ ಇಲ್ಲ.

ಇದನ್ನ ಯಾರೂ ಓದಲಿಲ್ಲ ಅನ್ನೋದು ಮುಂದಿನ ಮೆಸೇಜಲ್ಲೇ ಗೊತ್ತಾಯ್ತು.

ಲೋಕಿ: ವೈನ್ ಯಾಕೆ, ತಾತ ಕುಡೀತಿದ್ದ ಈಚಲು ಹೆಂಡ ನೆನೆಸ್ಕೊಳ್ಳಿ. ಕೆರೆ ಏರಿ ಕೆಳಗೆ ಸೋರೆ ಬುರುಡೇಲಿ ತರೋರು. ಹುರುಳಿಕಾಳು ಉಸ್ಲಿ ಜೊತೆಗೆ. 88 ವರ್ಷ ಬದುಕಿದ್ರು, ಶುಗರ್ ಅಂದ್ರೆ ಏನು ಅಂತ ಗೊತ್ತಿರ್ಲಿಲ್ಲ.

ದೊಡ್ಡಪ್ಪ: ನಮ್ಮಪ್ಪ ಹೆಂಡ ಮುಟ್ಟಿದವರಲ್ಲ.

ಲೋಕಿ: ದೊಡ್ಡ ಮಾವ, ನಾನೇ ಹೋಗಿ ತಂದುಕೊಟ್ಟಿದ್ದೀನಿ!

ದೊಡ್ಡಪ್ಪ: ನೀನು ಹುಟ್ಟುವ ಮೊದಲಿನಿಂದ ನಾನು ಅವರನ್ನು ಕಂಡಿದ್ದೇನೆ.

ಸುಮಕ್ಕ: ತಾತ ದಿನಕ್ಕೆ ಎಂಟು ಗಂಟೆ ನೇಗಿಲ ಹಿಂದೆ ನಡೀತಿದ್ರು ಲೋಕಿ. ನೀನು ಪೇಟೆಗೂ ಬೈಕಲ್ಲಿ ಹೋಗ್ತೀಯ.

ಸುಮಕ್ಕನ ಈ ಮಾತು ನನಗೆ ತುಂಬ ಹಿಡಿಸಿತು. ಹಾರ್ಟ್ ಒತ್ತಿದೆ. ಆದರೆ ಅಷ್ಟರಲ್ಲಿ ತಾತ ಹೆಂಡ ಕುಡಿದಿದ್ರೋ ಇಲ್ವೋ ಅನ್ನೋದರ ಮೇಲೆ ಹದಿನಾಲ್ಕು ಮೆಸೇಜ್ ಬಂದವು. ದುಬೈಯಲ್ಲಿರೋ ಭಾವ ಸಾಕ್ಷಿ ಹೇಳೋಕೆ ವಾಯ್ಸ್ ಮೆಸೇಜ್ ಕಳಿಸಿದರು.

ಕುಮಾರ ಚಿಕ್ಕಪ್ಪ: ಸುಮ, ನೀನು ಹೆಂಗಸಾಗಿ ಕುಡಿಯೋ ವಿಚಾರಕ್ಕೆ ಯಾಕೆ ಬರ್ತೀಯ?

ಸುಮಕ್ಕ: ಯಾಕೆ ಬರಬಾರದು ಮಾವ? ನನ್ನ ಬೀಗರೂಟದ ದಿನ ಕುಡಿದು ಬಂದು ನಮ್ಮತ್ತೆ ಎಲೆ ಮುಂದೆ ಬಿದ್ದೋರು ಯಾರು? ಹದಿನಾರು ವರ್ಷ ಆಯ್ತು, ಇವತ್ತೂ ಅವರು ಅದನ್ನೇ ಹೇಳ್ತಾರೆ.

ಕುಮಾರ ಚಿಕ್ಕಪ್ಪ: ಆ ಬೀಗರೂಟಕ್ಕೆ ಎರಡು ಟಗರು ಕೊಡಿಸಿದ್ದು ಯಾರು? ಅದನ್ನ ಯಾರೂ ಹೇಳಲ್ಲ.

ದೊಡ್ಡಪ್ಪ: ಎರಡಲ್ಲ, ಒಂದು. ಇನ್ನೊಂದರ ದುಡ್ಡು ನಾನು ಕೊಟ್ಟದ್ದು.

ಟಗರಿನ ಲೆಕ್ಕ ಮುಗಿಯೋ ಹಾಗೆ ಕಾಣಲಿಲ್ಲ. ನಾನು ಡ್ಯೂಟಿ ಮುಗಿಸಿ ಬಸ್ಸಲ್ಲಿ ಕೂತಿದ್ದೆ. ಟೈಪ್ ಮಾಡಿದೆ.

ಪುಟ್ಟಿ: ಚಿಕ್ಕಪ್ಪ, ಡೆನ್ಮಾರ್ಕಿನ ಒಂದು ಡ್ರಿಂಕ್ ಅಂದ್ರೆ 12 ಗ್ರಾಂ ಆಲ್ಕೋಹಾಲ್. ಆ ಸಂಶೋಧನೇಲಿ ಗಂಡಸರಿಗೆ ಅಪಾಯ ತೀರಾ ಕಡಿಮೆ ಕಂಡದ್ದು ವಾರಕ್ಕೆ 14 ಡ್ರಿಂಕ್ ಹತ್ರ. ನಮ್ಮೂರ ಬ್ರಾಂದಿ ಶೇ 42.8. ಒಂದು ಕ್ವಾಟ್ರು, ಅಂದ್ರೆ 180 ಎಂಎಲ್‌ನಲ್ಲಿ ಸುಮಾರು 61 ಗ್ರಾಂ ಇರುತ್ತೆ. ಅವರ ಲೆಕ್ಕದಲ್ಲಿ 5 ಡ್ರಿಂಕ್. ವಾರಕ್ಕೆ ಮೂರು ಕ್ವಾಟ್ರು ತುಂಬೋಕೆ ಮುಂಚೆನೇ ಅವರ 14 ಮುಗೀತು. ನೀವು ದಿನಕ್ಕೊಂದು ತಗೋತೀರ. 35 ಡ್ರಿಂಕ್ ಆಯ್ತು.

ಪುಟ್ಟಿ: ಇನ್ನೊಂದು. ಅವರು ಲೆಕ್ಕಕ್ಕೆ ತಗೊಂಡಿರೋದು ಅದಾಗಲೇ ಶುಗರ್ ಇಲ್ಲದವರನ್ನ. ನಿಮಗೆ ಶುಗರ್ ಬಂದು ಆರು ವರ್ಷ ಆಯ್ತು. ಆ ಸುದ್ದಿ ನಿಮ್ಮದಲ್ಲ ಚಿಕ್ಕಪ್ಪ.

ಕುಮಾರ ಚಿಕ್ಕಪ್ಪ: ನೀನು ನರ್ಸು ಕಣವ್ವ, ಡಾಕ್ಟರ್ ಅಲ್ಲ.

ಓದಿ ಹೊಟ್ಟೆಯೊಳಗೆ ಕಿವುಚಿದ ಹಾಗಾಯ್ತು. ಎತ್ತಿ ಆಡಿಸಿದ ಚಿಕ್ಕಪ್ಪ. ನರ್ಸಿಂಗ್ ಸೇರೋವಾಗ ಟ್ರಂಕ್ ಹೊತ್ತುಕೊಂಡು ಹಾಸ್ಟೆಲ್ ತನಕ ಬಂದಿದ್ದೂ ಅವರೇ. ಗುಂಪಲ್ಲಿ ಹೇಳಬಾರದು ಅಂತ ನಾಲ್ಕು ವರ್ಷ ನುಂಗಿಕೊಂಡಿದ್ದ ಮಾತು ಅಲ್ಲೇ ಹೊರಗೆ ಬಂತು.

ಪುಟ್ಟಿ: ಊರಹಬ್ಬದ ರಾತ್ರಿ ಅಪ್ಪ ಜಗಲಿ ಮೇಲೆ ಬಿದ್ದಿದ್ದಾಗ "ಜಾಸ್ತಿ ಹಾಕ್ಬಿಟ್ಟವ್ನೆ, ಬೆಳಗ್ಗೆ ಏಳ್ತಾನೆ ಬಿಡಿ" ಅಂದಿದ್ದು ನೀವು ಚಿಕ್ಕಪ್ಪ.

ಆ ರಾತ್ರಿ ನಾನು ಊರಿಗೆ ಬಂದಾಗ ಹನ್ನೊಂದಾಗಿತ್ತು. ಬಾಡೂಟ ತಡ ಆಗಿ ಅಪ್ಪ ಬರೀ ಹೊಟ್ಟೆಗೆ ಕುಡಿದಿದ್ದರು, ಶುಗರಿನ ರಾತ್ರಿ ಮಾತ್ರೆಯನ್ನ ಮಾತ್ರ ತಪ್ಪದೆ ನುಂಗಿದ್ದರು. ಹಬ್ಬಕ್ಕೆ ಅಂತ ಹೊಲಿಸಿದ್ದ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹಣೆ ಮುಟ್ಟಿದರೆ ತಣ್ಣಗೆ, ಬಾವಿಕಟ್ಟೆ ಕಲ್ಲು ಮುಟ್ಟಿದ ಹಾಗೆ. ಕರೆದರೆ ತೊದಲುತ್ತಿದ್ದರು. ಪಕ್ಕದಲ್ಲಿ ನಾಲ್ಕು ಜನ ಇಸ್ಪೀಟು ಆಡ್ತಿದ್ದರು. ಬ್ಯಾಗಲ್ಲಿದ್ದ ಗ್ಲುಕೋಮೀಟರ್ ತೆಗೆದು ಬೆರಳು ಚುಚ್ಚಿದೆ. ರಕ್ತದ ಸಕ್ಕರೆ 34 ತೋರಿಸಿತು. 70ಕ್ಕಿಂತ ಇಳಿದರೇ ಎಚ್ಚರ ವಹಿಸಬೇಕು.

ಯಾಕೆ ಹಾಗಾಯ್ತು ಅಂತಲೂ ಗುಂಪಲ್ಲೇ ಬರೆದೆ. ಊಟ ಇಲ್ಲದಾಗ ನಮ್ಮ ಲಿವರ್ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತೆ. ಹೊಟ್ಟೇಲಿ ಎಣ್ಣೆ ಇದ್ದಾಗ ಮೊದಲು ಅದನ್ನ ಕರಗಿಸೋ ಕೆಲಸಕ್ಕೆ ನಿಲ್ಲುತ್ತೆ, ಸಕ್ಕರೆ ತಯಾರಿಕೆ ಕುಂಠಿತ ಆಗುತ್ತೆ. ಅಪ್ಪ ನುಂಗಿದ್ದ ಗ್ಲಿಮೆಪಿರೈಡ್ ಥರದ ಶುಗರ್ ಮಾತ್ರೆ ಮಾತ್ರ ಇನ್ಸುಲಿನ್ ಬಿಡಿಸ್ತಾನೇ ಇರುತ್ತೆ. ಸಕ್ಕರೆ ಬರೋ ದಾರಿ ಮುಚ್ಚಿ, ಖಾಲಿಯಾಗೋ ದಾರಿ ತೆರೆದಿಟ್ಟ ಹಾಗೆ. ತೊದಲು, ಬೆವರು, ತೂರಾಟ, ಎಲ್ಲ ಕುಡಿದವರ ಹಾಗೇ ಕಾಣುತ್ತೆ. ಕುಡಿದ ವಾಸನೆ ಬೇರೆ ಇರುತ್ತಲ್ಲ, ಯಾರಿಗೂ ಅನುಮಾನ ಬರಲ್ಲ.

ಅಪ್ಪನಿಗೆ ನುಂಗೋ ಶಕ್ತಿ ಇತ್ತು. ಸಕ್ಕರೆ ನೀರನ್ನ ಚಮಚದಲ್ಲಿ ಕೊಡುತ್ತಾ ಕೊಡುತ್ತಾ ಆಸ್ಪತ್ರೆಗೆ ಸಾಗಿಸಿದೆವು. ಆ ಮಾತ್ರೆಯ ಪ್ರಭಾವ ಒಂದು ಸಲಕ್ಕೆ ಮುಗಿಯಲ್ಲ, ಸಕ್ಕರೆ ಮತ್ತೆ ಮತ್ತೆ ಇಳಿಯುತ್ತೆ ಅಂತ ಮಾರನೇ ದಿನ ರಾತ್ರಿವರೆಗೂ ಗ್ಲೂಕೋಸ್ ಹಾಕಿ ಇಟ್ಟುಕೊಂಡಿದ್ದರು.

ಗುಂಪಿನಲ್ಲಿ ಏಳು ನಿಮಿಷ ಯಾರೂ ಮಾತಾಡಲಿಲ್ಲ.

ದೊಡ್ಡಪ್ಪ: ಅಂದು ನಾನೂ ಅಲ್ಲೇ ಇದ್ದೆ. ಆ ಪಾಪದಲ್ಲಿ ನನ್ನದೂ ಪಾಲಿದೆ.

ಅಪ್ಪ: ಬಿಡು ಮಗಾ. ಹಳೇದು. ಕುಮಾರನೇ ಅಲ್ವಾ ಗಾಡಿ ಓಡಿಸ್ಕೊಂಡು ಬಂದಿದ್ದು.

ಅಪ್ಪ ಈ ಗುಂಪಿನಲ್ಲಿ ಹಬ್ಬದ ಶುಭಾಶಯ ಬಿಟ್ಟರೆ ಬರೆದದ್ದೇ ಇಲ್ಲ. ಅವರು ಹೇಳಿದ್ದು ನಿಜ. ಆ ರಾತ್ರಿ ಕತ್ತಲಲ್ಲಿ ಆಮ್ನಿ ಓಡಿಸಿಕೊಂಡು ಬಂದದ್ದು ಕುಮಾರ ಚಿಕ್ಕಪ್ಪನೇ, ಅವರೂ ಕುಡಿದೇ ಇದ್ದರು. ಅದನ್ನ ನೆನೆಸಿಕೊಂಡರೆ ಇವತ್ತೂ ನಡುಕ ಬರುತ್ತೆ.

ಮಧು: ಪುಟ್ಟಿ ಸರಿಯಾಗಿ ಹೇಳಿದಾಳೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆನೂ ಎಷ್ಟು ಕಡಿಮೆ ಕುಡಿದ್ರೂ ಸುರಕ್ಷಿತ ಅನ್ನೋಕಾಗಲ್ಲ ಅಂದಿದೆ.

ದೊಡ್ಡಪ್ಪ: ಇದನ್ನೇ ನಾನು ನಲವತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ.

ಲೋಕಿ: ಅದಿರ್ಲಿ, ಈ ಸಲ ಮಾರಿಹಬ್ಬಕ್ಕೆ ಟಗರು ಯಾರ ಕಡೆಯಿಂದ?

ಮಾತು ಟಗರಿಗೆ ಹೋಯ್ತು. ಕುಮಾರ ಚಿಕ್ಕಪ್ಪ ಮತ್ತೆ ಏನೂ ಬರೆಯಲಿಲ್ಲ. ಫಾರ್ವರ್ಡ್ ಕೂಡ ಅಳಿಸಲಿಲ್ಲ.

ಒಂಬತ್ತಕ್ಕೆ ಜಯ ಚಿಕ್ಕಮ್ಮ ನನಗೊಬ್ಬಳಿಗೇ ಒಂದು ಫೋಟೋ ಕಳಿಸಿದರು. ಮಾತ್ರೆ ಪಟ್ಟಿ. ಅರ್ಧ ಅವರ ಹೆಬ್ಬೆರಳೇ ತುಂಬಿತ್ತು, ಇನ್ನರ್ಧ ಮಸುಕು. ಹಿಗ್ಗಿಸಿ ನೋಡಿದೆ: ಗ್ಲಿಮೆಪಿರೈಡ್ 2 ಎಂಜಿ, ಜೊತೆಗೆ ಮೆಟ್‌ಫಾರ್ಮಿನ್. ತಕ್ಷಣ ಫೋನ್ ಮಾಡಿದೆ.

"ಗುಂಪಲ್ಲಿ ನೀನು ಬರೆದದ್ದನ್ನ ಹುಡುಗ ಓದಿ ಹೇಳಿದ ಕಣವ್ವ. ಇವರು ತಗೊಳ್ಳೋದು ಅದೇನಾ?"

"ಅದೇ ಚಿಕ್ಕಮ್ಮ. ಚಿಕ್ಕಪ್ಪ ಊಟ ಮಾಡಿದ್ರಾ?"

"ಇಲ್ಲ. ಸಿಟ್ಟು ಮಾಡ್ಕೊಂಡು ಹಿತ್ತಲಲ್ಲಿ ಕೂತವ್ರೆ. ಬಾಟ್ಲಿ ಅಲ್ಲೇ ಐತೆ. ಮಾತ್ರೆ ಆಗಲೇ ನುಂಗವ್ರೆ." ಆಮೇಲೆ ದನಿ ತಗ್ಗಿಸಿ ಕೇಳಿದರು: "ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕೊಡಬೌದೇನವ್ವ? ಹೆಚ್ಚುಕಮ್ಮಿ ಆದ್ರೆ ನನ್ನ ತಲೆಮೇಲೆ ಬರಲ್ವಾ?"

ಹನ್ನೊಂದು ವರ್ಷದಲ್ಲಿ ಎಷ್ಟು ಹೆಂಗಸರು ಇದೇ ಹೆದರಿಕೆಯಿಂದ ಸಕ್ಕರೆ ಡಬ್ಬಿ ಹಿಡಿದು ನಿಂತಿದ್ದನ್ನ ಹೇಳಿಕೊಂಡಿದ್ದಾರೋ. ಕೊಡಲೇಬೇಕು ಅಂದೆ. ಬೆವರಿ, ನಡುಗಿ, ಮಾತು ತೊದಲಿದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಕಾಲು ಗಂಟೆ ನೋಡಿ, ಸರಿ ಹೋಗದಿದ್ದರೆ ಇನ್ನೊಂದು ಸಲ ಕೊಟ್ಟು ಆಸ್ಪತ್ರೆಗೆ ಹೊರಡಿ. ಎಚ್ಚರ ಇಲ್ಲದೆ ಬಿದ್ದಿದ್ದರೆ ಮಾತ್ರ ಬಾಯಿಗೆ ಏನೂ ಹುಯ್ಯಬೇಡಿ, ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಈಗ ಮೊದಲು ಅವರಿಗೆ ಊಟ ಹಾಕಿ.

"ಮುದ್ದೆ ಬಿಸಿ ಇನ್ನೂ ಆರಿಲ್ಲ" ಅಂದರು ಚಿಕ್ಕಮ್ಮ. ಫೋನ್ ಇಡಲಿಲ್ಲ. ಚಪ್ಪಲಿ ಸದ್ದು, ಹಿತ್ತಲ ಬಾಗಿಲು ಕಿರ್ ಅಂದದ್ದು ಕೇಳಿಸಿತು. ಆಮೇಲೆ ಅವರ ದನಿ: "ಏಳಿ, ಪುಟ್ಟಿ ಲೈನಲ್ಲವಳೆ. ನೀವು ಉಂಡ್ರಿ ಅನ್ನೋ ತನಕ ಇಡಲ್ವಂತೆ."